ಭೂಮಿಯ ಕಾಂತಶಕ್ತಿ ಮತ್ತು ನಮ್ಮ ಸುತ್ತಲಿನ ಗುಡ್ಡಗಳು

(ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಿಜ್ಞಾನದ ವಿಷಯ ಎಂದ ಕೂಡಲೇ ನಮಗೆಲ್ಲಾ ಅಮೆರಿಕಾ, ಜಪಾನ್ ನೆನಪಾಗುತ್ತವೆ. ಆದರೆ ಭೂಮಿಯ ಕಾಂತಕ್ಷೇತ್ರವನ್ನು ಅಧ್ಯಯನ ಮಾಡುವ ಭಾರತೀಯ ಭೂಕಾಂತತ್ವ ಸಂಸ್ಥೆ ಇರುವುದು ನಮ್ಮ ನ್ಯೂ ಪನ್ವೇಲ್‌ನಲ್ಲಿ. ಡಾ. ಅರ್ಚನಾ ಭಟ್ಟಾಚಾರ್ಯ ಎಂಬ ಮಹಿಳಾ ವಿಜ್ಞಾನಿ ಅದರ ನಿರ್ದೇಶಕಿಯಾಗಿದ್ದರು ಎನ್ನುವುದು ನಮಗೆ ಹೆಮ್ಮೆಯ ಸಂಗತಿ.

ಈ ಸಂಸ್ಥೆಯ ಬೇರು ಕೊಲಾಬಾದಲ್ಲಿದೆ. ಅಲ್ಲಿನ ವೀಕ್ಷಣಾಲಯ 1826ರಲ್ಲಿ ಆರಂಭವಾಗಿ, 1841ರಿಂದ ಕಾಂತಕ್ಷೇತ್ರದ ಅಳತೆ ನಡೆಯಿತು. 1859ರ ಸೆಪ್ಟೆಂಬರಿನಲ್ಲಿ ಸೂರ್ಯನಿಂದ ಎದ್ದ ಮಹಾ ಕಾಂತಬಿರುಗಾಳಿಯನ್ನು ಕೊಲಾಬಾದ ಉಪಕರಣಗಳು ದಾಖಲಿಸಿದವು. ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿತದ ಆ ದಾಖಲೆಯನ್ನು ಜಗತ್ತಿನ ವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುತ್ತಾರೆ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮ್ ಬರುವುದು ಖಚಿತವಾದಾಗ, ಅದರ ವಿದ್ಯುತ್ತು ಸೂಕ್ಷ್ಮ ಅಳತೆಯನ್ನು ಕೆಡಿಸುತ್ತದೆಂದು 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. ಆಗ ಮುಂದಾಳಾಗಿದ್ದವರು ನಾನಾಭಾಯ್ ಮೂಸ್. ಹಳೆಯ, ಹೊಸ ಲೆಕ್ಕಗಳು ಕೂಡಿಬರಲೆಂದು ಎರಡು ವರ್ಷ ಎರಡೂ ಕಡೆ ಅಳತೆ ನಡೆಸಿದರು. ಎಂಥ ತಾಳ್ಮೆ ನೋಡಿ!

ನಮ್ಮ ಕಲ್ಲುಗಳಲ್ಲೂ ಇಂಥ ದಾಖಲೆಯಿದೆ. ಪಾರಸಿಕ್ ಗುಡ್ಡ, ಮಾಥೇರಾನ್, ಮಲಂಗಗಡ ಎಲ್ಲವೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ಕಪ್ಪು ಬಸಾಲ್ಟ್. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಖನಿಜದ ಕಣಗಳು ಅಂದಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಂಡವು. ಅವುಗಳನ್ನು ಓದಿದಾಗ ಎರಡು ಸಂಗತಿ ತಿಳಿಯುತ್ತದೆ. ಆ ಕಾಲದ ಬಹುಪಾಲಿನಲ್ಲಿ ಭೂಮಿಯ ಕಾಂತಧ್ರುವಗಳು ತಿರುಗುಮುರುಗಾಗಿದ್ದವು. ನಮ್ಮ ಭೂಭಾಗ ಆಗ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು.

ಈಗ ಒಂದು ಪ್ರಶ್ನೆ. ಕಾಂತಕ್ಷೇತ್ರ ಬದಲಾದರೆ ಗುಡ್ಡ ಕುಸಿಯುತ್ತದೆಯೇ? ಮಳೆಗಾಲದಲ್ಲಿ ವಾಟ್ಸಾಪ್‌ನಲ್ಲಿ ಇಂಥ ಮಾತು ಹರಿದಾಡುತ್ತದೆ. ಉತ್ತರ, ಇಲ್ಲ. ಗುಡ್ಡ ಕುಸಿಯುವುದು ನೀರಿನಿಂದ, ಇಳಿಜಾರಿನಿಂದ, ಮತ್ತು ಬಹಳ ಸಲ ನಮ್ಮ ಕೈಯಿಂದ. ಗಟ್ಟಿ ಬಸಾಲ್ಟಿನ ಮೇಲ್ಪದರ ಬಿಸಿಲು ಮಳೆಗೆ ಶಿಥಿಲವಾಗಿ ಮುರುಮ್, ಕೆಂಪು ಮಣ್ಣು ಆಗುತ್ತದೆ. ಬಿಡದೆ ಮಳೆ ಸುರಿದಾಗ ಆ ಮಣ್ಣಿನ ಸಂದುಗಳಲ್ಲಿ ನೀರು ತುಂಬಿ, ಕಣಕಣಗಳ ಹಿಡಿತ ಸಡಿಲಗೊಳ್ಳುತ್ತದೆ, ಭಾರ ಹೆಚ್ಚುತ್ತದೆ. ಕೆಳಗೆ ರಸ್ತೆಗೋ ಮನೆಗೋ ಗುಡ್ಡದ ಬುಡ ಕಡಿದಿದ್ದರೆ ಆಸರೆಯೂ ಹೋಗಿರುತ್ತದೆ.

ಭೂಭೌತ ವಿಜ್ಞಾನ ಇಲ್ಲಿ ನೆರವಾಗುತ್ತದೆ. ಒದ್ದೆ ಮಣ್ಣಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಒಣ ಬಂಡೆಯಲ್ಲಿ ಹರಿಯುವುದಿಲ್ಲ. ನೆಲದಲ್ಲಿ ಲೋಹದ ಕಡ್ಡಿಗಳನ್ನು ನೆಟ್ಟು ಅಲ್ಪ ವಿದ್ಯುತ್ ಹಾಯಿಸಿದರೆ, ಅಗೆಯದೆಯೇ ಒಳಗೆ ನೀರು ಎಲ್ಲಿ ನಿಂತಿದೆ, ಜಾರುವ ಪದರ ಎಷ್ಟು ಆಳದಲ್ಲಿದೆ ಎಂದು ಅಂದಾಜಿಸಬಹುದು.

ಇದು ಏಕೆ ಮುಖ್ಯ? 2014ರ ಜುಲೈ 30ರ ಬೆಳಗ್ಗೆ ಪುಣೆ ಜಿಲ್ಲೆಯ ಮಾಳೀಣ್ ಗ್ರಾಮ ಮಣ್ಣಿನಡಿ ಹೋಯಿತು. 150ಕ್ಕೂ ಹೆಚ್ಚು ಜನ ತೀರಿಕೊಂಡರು. ಎಸ್‌ಟಿ ಬಸ್ಸಿನ ಚಾಲಕರಿಗೆ ಊರೇ ಕಾಣದಿದ್ದಾಗ ಸುದ್ದಿ ಹೊರಬಿತ್ತು. 2021ರ ಜುಲೈ 22ರಂದು ಮಹಾಡ್ ತಾಲೂಕಿನ ತಳಿಯೆಯಲ್ಲಿ 80ಕ್ಕೂ ಹೆಚ್ಚು ಜನ ಹೋದರು. 2023ರ ಜುಲೈ 19ರ ರಾತ್ರಿ ಖಾಲಾಪುರ ತಾಲೂಕಿನ ಇರ್ಶಾಳವಾಡಿ ಎಂಬ ಆದಿವಾಸಿ ವಾಡಿಯಲ್ಲಿ 27 ಶವಗಳು ಸಿಕ್ಕವು, 57 ಜನ ಸಿಗಲೇ ಇಲ್ಲ. ನಮ್ಮ ತವರಿನಲ್ಲೂ 2018ರ ಕೊಡಗು, 2024ರ ಜುಲೈ 16ರ ಅಂಕೋಲಾದ ಶಿರೂರು ಇವೆ. ಠಾಣೆಯ ಪಕ್ಕದ ಕಳವಾದಲ್ಲೇ 2021ರ ಜುಲೈನಲ್ಲಿ ಗುಡ್ಡ ಕುಸಿದು ಒಂದೇ ಕುಟುಂಬದ ಐವರು ಸತ್ತರು.

ನಾವು ಬಹುಮಹಡಿ ಕಟ್ಟಡಗಳಲ್ಲಿ ಇದ್ದೇವೆ. ಆದರೆ ನಮ್ಮ ಮನೆಗೆಲಸದ ಬಾಯಿ, ಕಾವಲುಗಾರ, ಉತ್ತರ ಕರ್ನಾಟಕದಿಂದ ದುಡಿಯಲು ಬಂದ ನಮ್ಮದೇ ಭಾಷೆಯ ಎಷ್ಟೋ ಜನ ಕಳವಾ, ಮುಂಬ್ರಾದಂಥ ಕಡೆ ಗುಡ್ಡದ ಬುಡದಲ್ಲಿದ್ದಾರೆ. ಅವರಿಗೆ ಕನ್ನಡದಲ್ಲೇ ಹೇಳಬೇಕಾದ ಲಕ್ಷಣಗಳು ಇವು: ನೆಲದಲ್ಲಿ, ಗೋಡೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಾಗಿಲು, ಕಿಟಕಿ ಸಿಕ್ಕಿಕೊಳ್ಳುವುದು, ಮರ ಅಥವಾ ಕಂಬ ವಾಲುವುದು, ಹೊಸ ಕಡೆ ನೀರು ಜಿನುಗುವುದು, ತೊರೆಯ ನೀರು ಏಕಾಏಕಿ ಕೆಸರಾಗುವುದು ಅಥವಾ ನಿಂತುಹೋಗುವುದು, ಮೇಲಿನಿಂದ ಗುಡುಗುಡು ಸದ್ದು. ಇವುಗಳಲ್ಲಿ ಯಾವುದು ಕಂಡರೂ ಪಾತ್ರೆಪಗಡ ಬಿಟ್ಟು, ಮಕ್ಕಳನ್ನೆತ್ತಿಕೊಂಡು ಮಣ್ಣು ಜಾರುವ ದಾರಿಯಿಂದ ಪಕ್ಕಕ್ಕೆ ಹೊರಡಬೇಕು.

ರೆಡ್ ಅಲರ್ಟ್ ಇರುವ ರಾತ್ರಿ ಅವರು ಬಂದು ಮಲಗಲು ನಮ್ಮ ಸೊಸೈಟಿಯ ಹಾಲ್ ತೆರೆದಿಡಬಹುದೇ? ಈ ಮಳೆಗಾಲಕ್ಕೆ ಮುನ್ನ ಪ್ರತಿಯೊಬ್ಬರೂ ತಮ್ಮ ಸೊಸೈಟಿಯ ಸಭೆಯಲ್ಲಿ ಈ ಒಂದು ಮಾತು ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ. ನಾಳೆ ಬಾಯಿ ಕೆಲಸಕ್ಕೆ ಬಂದಾಗ, ನಿಮ್ಮ ಮನೆ ಗುಡ್ಡಕ್ಕೆ ಎಷ್ಟು ಹತ್ತಿರ ಎಂದು ಕೇಳಿ. ಅಲ್ಲಿಂದಲೇ ಆರಂಭಿಸೋಣ.