ಕೊಟ್ಟುದನ್ನು ಕಾಯುವ ಧರ್ಮ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ನಿಂತವನು ಕನ್ನಡದ ಹಿರಿಮೆಯನ್ನು ಕೊಂಡಾಡಬೇಕೆಂಬುದು ವಾಡಿಕೆ. ಆ ಹಿರಿಮೆ ಉಳಿಯಬೇಕಾದರೆ ನಮ್ಮ ಮಕ್ಕಳ ಕೈಗೆ ಪುಸ್ತಕ ಸಿಕ್ಕಬೇಕು. ಸಾರ್ವಜನಿಕ ಗ್ರಂಥಾಲಯಕ್ಕೆಂದು ಜನರು ಕೊಟ್ಟ ಹಣ, ನಿವೇಶನ, ಪುಸ್ತಕಗಳು ಸ್ಥಳೀಯ ಆಡಳಿತದ ಇತರ ಖರ್ಚಿನಲ್ಲಿ ಕರಗಿಹೋಗದಂತೆ ಕಾಪಾಡುವುದು ಹೇಗೆ ಎಂಬ ವಿಷಯವನ್ನು ಇಂದು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ನಮ್ಮ ದೇಶದಲ್ಲಿ ಗ್ರಂಥಾಲಯಗಳಿಗಾಗಿಯೇ ಶಾಸನ ಮಾಡಿ ದಾರಿ ತೋರಿದುದು ಅಂದಿನ ಮದರಾಸು ಪ್ರಾಂತ. 1948ರಲ್ಲಿ ಅವಿನಾಶಿಲಿಂಗಂ ಚೆಟ್ಟಿಯಾರರು ವಿದ್ಯಾಮಂತ್ರಿಗಳಾಗಿದ್ದಾಗ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಅಂಗೀಕಾರವಾಯಿತು. ಅದರ ಹಿಂದೆ ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರ ಬಹುವರ್ಷಗಳ ದುಡಿಮೆಯಿತ್ತು. ಆ ಕಾಯಿದೆಯ ಪ್ರಕಾರ ಮನೆತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ವಸೂಲು ಮಾಡಬೇಕು. ಮೊದಲು ರೂಪಾಯಿಗೆ ಆರು ಪೈ ಇದ್ದ ಈ ಕರ ಇಂದು ತಮಿಳುನಾಡಿನಲ್ಲಿ ರೂಪಾಯಿಗೆ 10 ಪೈಸೆಯಾಗಿದೆ. ವಸೂಲು ಮಾಡುವುದು ಪಂಚಾಯಿತಿ ಅಥವಾ ಪುರಸಭೆ. ಹಣ ಸೇರಬೇಕಾದುದು ಜಿಲ್ಲೆಯ ಗ್ರಂಥಾಲಯ ಪ್ರಾಧಿಕಾರದ ಗ್ರಂಥಾಲಯ ನಿಧಿಗೆ. ಜನರು ಪ್ರಾಧಿಕಾರಕ್ಕೆ ಕೊಡುವ ದಾನವೂ ದತ್ತಿಯ ವರಮಾನವೂ ಇದೇ ನಿಧಿಗೆ ಜಮೆಯಾಗಬೇಕು. ಪಂಚಾಯಿತಿಯ ಬೊಕ್ಕಸ ಬೇರೆ, ಗ್ರಂಥಾಲಯದ ಬೊಕ್ಕಸ ಬೇರೆ ಎಂಬುದೇ ಈ ಏರ್ಪಾಡಿನ ಜೀವಾಳ.

ಆದರೆ ನಡೆಯುವುದೇನು? ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯದ ಹೆಸರಿನಿಂದಲೇ ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ವರ್ಷಗಟ್ಟಲೆ ಒಪ್ಪಿಸದೆ ಉಳಿಸಿಕೊಂಡಿರುವ ಸುದ್ದಿಯನ್ನು ಚೆನ್ನೈಯಿಂದಲೂ ಬೆಂಗಳೂರಿನಿಂದಲೂ ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ಬಾಕಿಯ ಮೊತ್ತ ಕೋಟಿಗಳಲ್ಲಿದೆ. ಚರಂಡಿ, ಬೀದಿದೀಪ, ಸಂಬಳ, ಎಲ್ಲವೂ ಅಂದಂದಿಗೆ ಆಗಲೇಬೇಕಾದ ಕೆಲಸಗಳು. ಪುಸ್ತಕವಾದರೋ ನಾಳೆಗೆ ಕಾಯುತ್ತದೆ ಎಂಬ ಭಾವನೆ. ಕಾಯಿದೆಯೇ ಬೇಲಿ ಹಾಕಿದ ಹಣದ ಗತಿ ಹೀಗಾದರೆ, ಬರಿಯ ಬಾಯಿಮಾತಿನಲ್ಲಿ ಕೊಟ್ಟ ದಾನದ ಗತಿಯೇನು?

ಇನ್ನೊಂದು ಸೂಕ್ಷ್ಮವಾದ ಅಪಾಯವಿದೆ. ದಾನದ ಹಣವನ್ನು ಯಾರೂ ಮುಟ್ಟದೆಯೇ ಅದು ವ್ಯರ್ಥವಾಗಬಹುದು. ಸೋದರಮಾವನು ಮಗುವಿಗೆ ಹಬ್ಬದ ಬಟ್ಟೆ ತಂದನೆಂದು ತಂದೆ ತಾನು ತರಬೇಕಾದ ಬಟ್ಟೆಯನ್ನು ತರದಿದ್ದರೆ ಮಗುವಿಗೆ ಹೆಚ್ಚಾದುದೇನು? ಲಾಭವಾದುದು ತಂದೆಯ ಕಿಸೆಗೆ. ಹಾಗೆಯೇ ದಾನಿಗಳು ಪುಸ್ತಕ ಕೊಳ್ಳಲು ಹಣವಿತ್ತರೆಂದು ಆಡಳಿತವು ತನ್ನ ಪಾಲನ್ನು ಅಷ್ಟಕ್ಕಷ್ಟು ಕಡಿಮೆ ಮಾಡಿದರೆ, ದಾನವು ಲೆಕ್ಕದಲ್ಲಿ ಗ್ರಂಥಾಲಯಕ್ಕೆ ಸಂದರೂ ನಿಜದಲ್ಲಿ ಬೊಕ್ಕಸಕ್ಕೆ ಸಂದಂತೆಯೇ. ಅಮೆರಿಕದ ಆಂಡ್ರೂ ಕಾರ್ನೆಗಿ ಇದನ್ನು ಚೆನ್ನಾಗಿ ಅರಿತಿದ್ದನು. ಗ್ರಂಥಾಲಯದ ಕಟ್ಟಡಕ್ಕೆ ಹಣ ಬೇಡಿದ ಊರುಗಳಿಗೆಲ್ಲ ಆತನದು ಒಂದೇ ನಿಯಮ: ನಿವೇಶನವನ್ನು ಊರು ಒದಗಿಸಬೇಕು, ತಾನು ಕೊಟ್ಟ ಹಣದ ಹತ್ತನೆಯ ಒಂದು ಪಾಲನ್ನು ಊರಿನವರು ಪ್ರತಿವರ್ಷವೂ ತಮ್ಮ ತೆರಿಗೆಯಿಂದ ಅದರ ನಿರ್ವಹಣೆಗೆ ಕೊಡುತ್ತಿರಬೇಕು. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಮ್ಮ ಸಂಸ್ಥಾನದ ಹಳ್ಳಿಗಳ ಗ್ರಂಥಾಲಯಗಳ ವೆಚ್ಚವನ್ನು ಜನರು, ಸ್ಥಳೀಯ ಮಂಡಲಿ, ಸರಕಾರ ಎಂದು ಮೂರು ಪಾಲು ಮಾಡಿದುದೂ ಇದೇ ಜಾಣ್ಮೆಯಿಂದ. ಒಬ್ಬರ ಪಾಲು ಬಂದಿತೆಂದು ಇನ್ನೊಬ್ಬರು ಕೈ ಹಿಂತೆಗೆಯುವಂತಿರಲಿಲ್ಲ.

ನಮ್ಮ ಕಾಲದ ಒಂದು ನಿದರ್ಶನವನ್ನು ನೋಡೋಣ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು ತಮ್ಮ ದುಡಿಮೆಯಿಂದಲೇ ಒಂದು ಚಿಕ್ಕ ಸಾರ್ವಜನಿಕ ಗ್ರಂಥಾಲಯವನ್ನು ನಡೆಸುತ್ತಿದ್ದರು. 2021ರ ಏಪ್ರಿಲ್ 9ರಂದು ಅದು ಬೆಂಕಿಗೆ ಆಹುತಿಯಾಗಿ ಸುಮಾರು 11,000 ಪುಸ್ತಕಗಳು ಸುಟ್ಟುಹೋದವು. ಸುದ್ದಿ ಹಬ್ಬಿತು. ಹೊರನಾಡುಗಳಿಂದಲೂ ಜನರು ಹಣ ಕಳುಹಿಸಿದರು. ಕೆಲವೇ ದಿನಗಳಲ್ಲಿ ಸುಮಾರು 29 ಲಕ್ಷ ರೂಪಾಯಿ ಕೂಡಿತು. ಅಷ್ಟರಲ್ಲಿ ಗ್ರಂಥಾಲಯವನ್ನು ಸರಕಾರವೇ ಕಟ್ಟಿಸಿಕೊಡುವುದೆಂಬ ಪ್ರಕಟಣೆ ಬಂದಿತು. ಹಣ ಕೂಡಿಸಿದವರು ಅದನ್ನು ದಾನಿಗಳಿಗೆ ಹಿಂದಿರುಗಿಸಲು ನಿಶ್ಚಯಿಸಿದರು.

ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಸರಕಾರದ ಹೊಣೆಯನ್ನು ದಾನಿಗಳ ಹಣದಿಂದ ತುಂಬಬಾರದೆಂಬುದು ನ್ಯಾಯವೇ. ಆದರೂ ಹಿಂದಿರುಗಿದ ಹಣದಿಂದ ಪುಸ್ತಕ ಬರಲಾರದು. ಹಣವನ್ನು ಆಡಳಿತದ ಕೈಗಿಟ್ಟು ಸುಮ್ಮನಾಗುವುದು ಒಂದು ತುದಿ, ಹಿಂದಕ್ಕೆ ಕೊಟ್ಟುಬಿಡುವುದು ಇನ್ನೊಂದು ತುದಿ. ಇವೆರಡರ ನಡುವೆ ಒಂದು ದಾರಿಯಿದೆ. ಅದನ್ನು ನಮ್ಮ ಪೂರ್ವಿಕರು ಕಲ್ಲಿನಲ್ಲಿಯೇ ಕೊರೆದಿಟ್ಟಿದ್ದಾರೆ.

ನಮ್ಮ ಹಳೆಯ ದಾನಶಾಸನಗಳನ್ನು ಓದಿ ನೋಡಿರಿ. ಕೊಟ್ಟವರಾರು, ಕೊಟ್ಟುದೇನು, ಯಾವ ಕಾರ್ಯಕ್ಕಾಗಿ, ಭೂಮಿಯ ಎಲ್ಲೆ ಯಾವುದು, ಸಾಕ್ಷಿಗಳಾರು ಎಂಬುದನ್ನೆಲ್ಲ ಬಿಡದೆ ಹೇಳುತ್ತವೆ. ಧರ್ಮವನ್ನು ಅಳಿದವನಿಗೆ ತಟ್ಟುವ ಪಾಪವನ್ನೂ ಎಚ್ಚರಿಸುತ್ತವೆ. ತಾನಿತ್ತ ದಾನಕ್ಕಿಂತ ಪರರಿತ್ತ ದಾನವನ್ನು ಪಾಲಿಸುವುದರಿಂದ ಪುಣ್ಯ ಇಮ್ಮಡಿ ಎಂಬ ಅರ್ಥದ ಶ್ಲೋಕವು ಎಷ್ಟೋ ಶಾಸನಗಳ ಕೊನೆಯಲ್ಲಿದೆ. ರಾಜನು ಮಡಿಯುತ್ತಾನೆ, ಅಧಿಕಾರಿ ಬದಲಾಗುತ್ತಾನೆ, ಕೊಟ್ಟ ಧರ್ಮ ಮಾತ್ರ ಆಚಂದ್ರಾರ್ಕವಾಗಿ ನಡೆಯಬೇಕೆಂಬ ಮುಂದಾಲೋಚನೆ ಅದರಲ್ಲಿದೆ.

ಇಂದಿನ ಕಾಯಿದೆಯಲ್ಲಿಯೂ ಅದಕ್ಕೆ ಸಮನಾದ ಸಾಧನಗಳಿವೆ. ಗ್ರಂಥಾಲಯಕ್ಕೆ ನಿವೇಶನ ಕೊಡುವವರು ಇಬ್ಬರು ಸಾಕ್ಷಿಗಳ ಸಹಿಯುಳ್ಳ ದಾನಪತ್ರವನ್ನು ನೋಂದಾಯಿಸಬೇಕು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 126ನೆಯ ಕಲಮಿನಂತೆ, ದಾನಿಯ ಇಚ್ಛೆಯನ್ನು ಅವಲಂಬಿಸದ ಒಂದು ಗೊತ್ತಾದ ಸಂಗತಿ ನಡೆದರೆ ದಾನವು ರದ್ದಾಗತಕ್ಕದ್ದೆಂದು ಇಬ್ಬರೂ ಮೊದಲೇ ಒಪ್ಪಿಕೊಳ್ಳಬಹುದು. ನಿವೇಶನವನ್ನು ಗ್ರಂಥಾಲಯವಲ್ಲದ ಕೆಲಸಕ್ಕೆ ಬಳಸಿದರೆ ಹೀಗಾಗತಕ್ಕದ್ದೆಂದು ವಕೀಲರಿಂದ ಬರೆಯಿಸಿಕೊಳ್ಳುವುದು ಲೇಸು. ಕೊಟ್ಟಾದ ಮೇಲೆ ಷರತ್ತನ್ನು ನೆನೆದು ಫಲವಿಲ್ಲ.

ದೊಡ್ಡ ಮೊತ್ತವಾದರೆ 1890ರ ಧರ್ಮಾರ್ಥ ದತ್ತಿಗಳ ಕಾಯಿದೆ ಇದೆ. ಅದರಂತೆ ದತ್ತಿಯ ಸ್ವತ್ತನ್ನು ದತ್ತಿಗಳ ಖಜಾಂಚಿಯ ವಶದಲ್ಲಿರಿಸಿ, ವರಮಾನ ಯಾವುದಕ್ಕೆ ಸಲ್ಲಬೇಕೆಂಬ ಯೋಜನೆಯನ್ನು ಗೊತ್ತುಪಡಿಸಬಹುದು. ಸಾರ್ವಜನಿಕ ಧರ್ಮದತ್ತಿಗೆ ದ್ರೋಹವಾದರೆ, ಅದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮು ಅವಕಾಶ ಕೊಡುತ್ತದೆ. ಅಷ್ಟು ದೂರ ಹೋಗುವ ಮೊದಲೇ, 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕ ಕಟ್ಟಿ ಲೆಕ್ಕ ಕೇಳಿದರೆ 30 ದಿನಗಳೊಳಗೆ ಉತ್ತರ ಬರಬೇಕು.

ಇದೆಲ್ಲ ನಮ್ಮ ಕೆಲಮಂಗಲಕ್ಕೆ ಏಕೆ ಬೇಕೆಂದು ಕೇಳಬಹುದು. ನಮಗೇ ಹೆಚ್ಚಾಗಿ ಬೇಕು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಬಾಳುವ ಊರು ನಮ್ಮದು. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನು ಕಲಿಯಲೇಬೇಕಾಗಿದೆ. ನೆಲದ ಭಾಷೆಯನ್ನು ಅವರು ಚೆನ್ನಾಗಿಯೇ ಕಲಿಯಲಿ. ಆದರೆ ಪಠ್ಯದಾಚೆಗೆ ಕನ್ನಡ ಓದುವ ಎಡೆ ಇನ್ನೆಲ್ಲಿ? ಗ್ರಂಥಾಲಯದ ಒಂದು ಕಪಾಟು ಅವರಿಗೆ ಬೇಕು. ಆ ಕಪಾಟಿಗೆಂದು ಕೊಟ್ಟ ಹಣ ಚಿಕ್ಕದು. ಅದು ದೊಡ್ಡ ಲೆಕ್ಕದಲ್ಲಿ ಸೇರಿದರೆ ಕೆರೆಗೆ ಸುರಿದ ಚೆಂಬು ನೀರಿನಂತೆ. ಇಲ್ಲವೆನ್ನಲಾಗದು, ತೋರಿಸಲೂ ಆಗದು.

ತಮಿಳುನಾಡಿನ ಗ್ರಂಥಾಲಯಗಳಲ್ಲಿ 1,000 ರೂಪಾಯಿ ಕಟ್ಟಿ ‘ಪುರವಲರ್’ ಆಗುವ ಏರ್ಪಾಡುಂಟು. ಅನುಕೂಲವುಳ್ಳ ಮನೆಗಳವರು ಅವಶ್ಯವಾಗಿ ಆಗಲಿ. ಆದರೆ ಅಷ್ಟರಿಂದಲೇ ಆ ಹಣ ಕನ್ನಡ ಪುಸ್ತಕಕ್ಕೆ ಮೀಸಲಾಗದು. ಕನ್ನಡಕ್ಕೆಂದು ಕೊಡುವುದಾದರೆ, ಇಂಥ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕ ಕೊಳ್ಳುವುದಕ್ಕಾಗಿ ಎಂದು ಪತ್ರದಲ್ಲಿ ಬರೆದು, ಒಪ್ಪಿಗೆಯನ್ನು ಬರಹದಲ್ಲಿಯೇ ಪಡೆದು, ಅನಂತರ ಹಣ ಕೊಡಬೇಕು. ಹಣ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರದ ಹೆಸರಿಗೆ ಸಂದು, ಅದರ ರಸೀದಿಯೇ ಕೈಗೆ ಬರಬೇಕು. ಮೂಲಧನವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಿಂದ ಮಾತ್ರ ಪುಸ್ತಕ ಕೊಳ್ಳುವಂತಾದರೆ ಇನ್ನೂ ಉತ್ತಮ. ಪುಸ್ತಕಗಳನ್ನೇ ಕೊಡುವವರು ಎರಡು ಪಟ್ಟಿಗಳನ್ನು ಮಾಡಿ, ಒಂದರ ಮೇಲೆ ಗ್ರಂಥಪಾಲಕರ ಸಹಿ ಪಡೆದು ಇಟ್ಟುಕೊಳ್ಳಲಿ.

ಕಾಗದಪತ್ರದ ವಿಷಯದಲ್ಲಿ ನಮ್ಮೂರಿನ ಚರಿತ್ರೆಯೇ ಪಾಠ ಹೇಳುತ್ತದೆ. ಸೇಲಂ ಜಿಲ್ಲೆಯಲ್ಲಿದ್ದ ಈ ಸೀಮೆ 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಊರು ನಿಂತಲ್ಲಿಯೇ ನಿಂತಿದೆ, ಕಚೇರಿ ಮಾತ್ರ ಊರೂರು ತಿರುಗಿದೆ. ಆದುದರಿಂದ ದಾನಪತ್ರದಲ್ಲಿ ‘ಈ ಸಂಸ್ಥೆ ಅಥವಾ ಇದರ ಹೊಣೆಯನ್ನು ಮುಂದೆ ವಹಿಸುವ ಸಂಸ್ಥೆ’ ಎಂಬ ಮಾತನ್ನು ಸೇರಿಸಿರಿ. ಒಂದು ಪ್ರತಿ ನಮ್ಮ ಸಂಘದ ಪೆಟ್ಟಿಗೆಯಲ್ಲಿರಲಿ.

ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆನ್ನುವ ನಾಡಿನಲ್ಲಿ ಇಷ್ಟೊಂದು ಬರಹ ಸಲ್ಲದೆಂದು ಕೆಲವು ಹಿರಿಯರಿಗೆ ತೋರಬಹುದು. ಹಸಿದವನಿಗೆ ಅನ್ನವಿಕ್ಕುವಾಗ ಆ ಮಾತು ಸರಿ. ಊರಿಗೆಲ್ಲ ಸಲ್ಲುವ ಆಸ್ತಿಯ ವಿಷಯದಲ್ಲಿ ಮೌನವು ದಾನಿಯ ವಿನಯವನ್ನು ಕಾಪಾಡುತ್ತದೆ, ದಾನವನ್ನು ಕಾಪಾಡದು. ಅಧಿಕಾರಿಗಳನ್ನು ಸಂಶಯದಿಂದ ಕಾಣಬೇಕೆಂಬುದೂ ನನ್ನ ಅಭಿಪ್ರಾಯವಲ್ಲ. ಮೀಸಲು ಹಣವನ್ನು ಬೇರೆ ಕೆಲಸಕ್ಕೆ ಕೊಡೆಂದು ಒತ್ತಾಯ ಬಂದಾಗ, ಪ್ರಾಮಾಣಿಕ ಅಧಿಕಾರಿಗೆ ಈ ಕಾಗದವೇ ಆಸರೆ. ಅದನ್ನು ತೋರಿಸಿ ‘ಇದು ನನ್ನಿಂದಾಗದು’ ಎಂದು ಹೇಳುವ ಬಲ ಅವನಿಗೆ ಬರುತ್ತದೆ.

ಸಂಘದವರಲ್ಲಿ ನನ್ನದು ಒಂದೇ ವಿಜ್ಞಾಪನೆ. ಪ್ರತಿವರ್ಷ ಇದೇ ವೇದಿಕೆಯ ಮೇಲೆ, ಸನ್ಮಾನಗಳಿಗಿಂತ ಮೊದಲು, ಗ್ರಂಥಾಲಯಕ್ಕೆ ನಮ್ಮವರು ಕೊಟ್ಟುದೆಷ್ಟು, ಬಂದ ಪುಸ್ತಕಗಳೆಷ್ಟು, ಉಳಿದ ಹಣವೆಷ್ಟು ಎಂಬ ಲೆಕ್ಕವನ್ನು ಒಬ್ಬ ವಿದ್ಯಾರ್ಥಿಯಿಂದ ಓದಿಸಿರಿ. ಆ ಪುಸ್ತಕಗಳು ಯಾರಿಗಾಗಿಯೋ ಅವರೇ ಲೆಕ್ಕವನ್ನು ಓದಲಿ. ಹಿರಿಯರು ಕೇಳಿ ತಪ್ಪಿದ್ದರೆ ತಿದ್ದಲಿ.