ಮುನ್ನಾಧಾರದಲ್ಲಿ ಸಿಕ್ಕಿದ ಮುತ್ತಜ್ಜಿ



"ನಿಮ್ಮ ಕೆಲಸದ ಬಗ್ಗೆ ಏನಾದರೂ ಹೇಳಿ" ಎಂದು ಕಾರ್ಯದರ್ಶಿಯವರು ಕೇಳಿದ್ದರು. ನನ್ನ ಕೆಲಸ ಕಾಕನಾಡಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು. ಅದನ್ನು ಹೇಳಿದರೆ ಊಟದ ಮೊದಲೇ ನಿಮಗೆ ನಿದ್ದೆ ಬಂದೀತು. ಹಾಗಾಗಿ ಕಳೆದ ಎರಡು ವರ್ಷ ರಜಾದಿನಗಳಲ್ಲಿ ಮಾಡಿದ ಇನ್ನೊಂದು ಕೆಲಸದ ಬಗ್ಗೆ ಮಾತಾಡುತ್ತೇನೆ. ಅಮ್ಮನ ತವರಿನ ಹಿರಿಯರೊಬ್ಬರನ್ನು ಹಳೆಯ ಪತ್ರ, ಉಯಿಲು, ದಾಖಲೆಗಳಲ್ಲಿ ಹುಡುಕಿದ ಕಥೆ ಇದು.

ಹುಡುಕಾಟ ಶುರುವಾದದ್ದು ಇತಿಹಾಸದ ಆಸೆಯಿಂದಲ್ಲ, ಪಾಲಿನ ಮಾತಿನಿಂದ. ಕಾಸರಗೋಡಿನ ಕಡೆ ಇರುವ ತೋಟವನ್ನು ಪಾಲು ಮಾಡಬೇಕು ಎಂದು ಸೋದರಮಾವಂದಿರು ನಿಶ್ಚಯಿಸಿದರು. ವಕೀಲರು ಮೂಲಪತ್ರ ಕೇಳಿದರು. ಜೊತೆಗೆ, "ಅಕ್ಕ ಕೊಚ್ಚಿಯಲ್ಲಿದ್ದಾರಲ್ಲ, ಅವರಿಂದ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸಿಬಿಡಿ, ಸುಲಭ" ಎಂದರು. ಮಲಯಾಳದಲ್ಲಿ ಇದಕ್ಕೆ ಒಳಿಮುರಿ ಎನ್ನುತ್ತಾರೆ. ಅಮ್ಮ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಮೊದಲು ಪತ್ರ ಸಿಗಲಿ" ಎಂದರು. ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಮನೆಯಲ್ಲಿ ಇದ್ದದ್ದು ಒಂದು ಮಾತು ಮಾತ್ರ. ಅಮ್ಮನ ಮುತ್ತಜ್ಜ ಅನಂತಶಯನಕ್ಕೆ ಪೂಜೆಯ ಕೆಲಸಕ್ಕೆಂದು ಹೋದರು, ಮಧ್ಯೆ ಕೆಲವು ಕಾಲ ಕೊಚ್ಚಿಯಲ್ಲಿದ್ದರು, ತಿರುಗಿ ಬರಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ತಿರುವನಂತಪುರದ ಶ್ರೀ ಪದ್ಮನಾಭಸ್ವಾಮಿ ದೇವಸ್ಥಾನದ ನಂಬಿಗಳು ಚಂದ್ರಗಿರಿ ಹೊಳೆಯ ಆಚೀಚೆಯಿಂದ ಹೋದವರು. ಅಕ್ಕರೆ ದೇಶಿ, ಇಕ್ಕರೆ ದೇಶಿ ಎಂಬ ಹೆಸರೇ ಅದರಿಂದ ಬಂದದ್ದು. ನಮ್ಮ ಕಡೆಯ ಅರ್ಚಕರನ್ನು ತಿರುವಾಂಕೂರಿನಲ್ಲಿ ಪೋಟ್ಟಿ ಎಂದರು, ಕೊಚ್ಚಿಯ ಕಡೆ ಎಂಬ್ರಾಂದಿರಿ ಎಂದರು. ಆರು ವರ್ಷಕ್ಕೊಮ್ಮೆ 56 ದಿನ ನಡೆಯುವ ಮುರಜಪಕ್ಕೂ ತುಳುನಾಡಿನ ವೈದಿಕರು ಹೋಗುತ್ತಿದ್ದರು.

ಹಾಗಾಗಿ ಮೊದಲು ತಿರುವನಂತಪುರಕ್ಕೆ ಹೋದೆ. ಆ ಊರಿನ ಚರಿತ್ರೆಯೇ ಒಂದು ದಾನಪತ್ರದ ಮೇಲೆ ನಿಂತಿದೆ. 1750ರ ಜನವರಿಯಲ್ಲಿ ಮಾರ್ತಾಂಡವರ್ಮ ಮಹಾರಾಜರು ಇಡೀ ರಾಜ್ಯವನ್ನು ಪದ್ಮನಾಭನಿಗೆ ಬರೆದುಕೊಟ್ಟರು, ಅದೇ ತೃಪ್ಪಡಿದಾನ. ಕೋಟೆಯ ಒಳಗಿರುವ ಸೆಂಟ್ರಲ್ ಆರ್ಕೈವ್ಸ್‌ನಲ್ಲಿ ದೇವಸ್ಥಾನದ ಮತಿಲಗಂ ದಾಖಲೆಗಳಿವೆ. ಎಲ್ಲಾ ತಾಳೆಗರಿ. ಕಟ್ಟಿಗೆ ಚುರುಣ ಎನ್ನುತ್ತಾರೆ. ಒಂದೊಂದು ಚುರುಣದಲ್ಲಿ ನೂರಾರು ಗರಿ, ಲಿಪಿ ಹಳೆಯದು. ಓದಿಕೊಟ್ಟವರು ಒಬ್ಬ ನಿವೃತ್ತ ಮೇಷ್ಟರು. ನಾವು ನೋಡಿದಷ್ಟರಲ್ಲಿ ಮುತ್ತಜ್ಜ ಸಿಗಲಿಲ್ಲ. ಆದರೆ ಕೊಲ್ಲವರ್ಷ ಕಲಿತುಕೊಂಡೆ. ಚಿಂಗಮಾಸ, ಅಂದರೆ ಆಗಸ್ಟ್ ನಡುವಿನಲ್ಲಿ ಅವರ ಹೊಸ ವರ್ಷ. ಅಲ್ಲಿಂದ ಡಿಸೆಂಬರ್ ಕೊನೆಯವರೆಗೆ 824 ಕೂಡಿಸಬೇಕು, ಜನವರಿಯಿಂದ ಮುಂದೆ 825. ಇಲ್ಲಿಯ ಹಿರಿಯರು ಹೇಳುವ "ತೊಂಬತ್ತೊಂಬತ್ತರ ಪ್ರಳಯ" 1099ರ ಕರ್ಕಾಟಕ ಮಾಸದ್ದು. 825 ಕೂಡಿಸಿದರೆ 1924. ಇದು ಗೊತ್ತಿಲ್ಲದಿದ್ದರೆ ತಿರುವಾಂಕೂರಿನ ಯಾವ ಪತ್ರವೂ ಅರ್ಥವಾಗುವುದಿಲ್ಲ.

ಆಮೇಲೆ ನಮ್ಮ ಕೊಚ್ಚಿ. ಇಲ್ಲಿ ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ, "ಆ ಜಾಗ ಯಾವ ಸರಕಾರದ್ದು?" ಎಂಬುದು. ಆಗ ಫೋರ್ಟ್ ಕೊಚ್ಚಿ ಬ್ರಿಟಿಷರ ಮಲಬಾರ್ ಜಿಲ್ಲೆಗೆ ಸೇರಿತ್ತು, ಮದ್ರಾಸಿನ ಆಡಳಿತ. ಮಟ್ಟಾಂಚೇರಿ, ಎರ್ನಾಕುಳಂ ಕೊಚ್ಚಿ ಮಹಾರಾಜರದ್ದು. ಈಗ ಲುಲು ಮಾಲ್ ಇರುವ ಇಡಪಳ್ಳಿ ತಿರುವಾಂಕೂರಿನದ್ದು. ನಾವು ಭಾನುವಾರ ಬಸ್ಸಿನಲ್ಲಿ ಸುತ್ತುವಷ್ಟು ಜಾಗದಲ್ಲಿ ಮೂರು ಆಡಳಿತ, ಮೂರು ಕಡೆ ದಾಖಲೆ. ಅದಕ್ಕೂ ಮುಂಚೆ, 1663ರಿಂದ 1795ರವರೆಗೆ ಡಚ್ಚರು ಇದ್ದರು. ಅವರ ಕೊಚ್ಚಿಯ ಕಡತಗಳು ಇರುವುದು ಚೆನ್ನೈನ ತಮಿಳುನಾಡು ಆರ್ಕೈವ್ಸ್‌ನಲ್ಲಿ.

ಮುತ್ತಜ್ಜನ ಕಾಲ ಡಚ್ಚರದ್ದಲ್ಲ. ಆದರೂ ಕುತೂಹಲಕ್ಕೆ ಆ ಕಾಲದ ಬಗ್ಗೆ ಓದಿದೆ. ಅಂಜನಾ ಸಿಂಗ್ ಎಂಬ ಇತಿಹಾಸಕಾರ್ತಿ ಡಚ್ ದಾಖಲೆಗಳನ್ನು ಓದಿ ಫೋರ್ಟ್ ಕೊಚ್ಚಿಯ ಸಮಾಜದ ಬಗ್ಗೆ 2010ರಲ್ಲಿ ಒಂದು ಪುಸ್ತಕ ತಂದಿದ್ದಾರೆ. ಆ ಕಾಲದಲ್ಲಿ ಯಾರಾದರೂ ಸತ್ತರೆ ಮನೆಯ ಸಾಮಾನಿನ ಪಟ್ಟಿ ಮಾಡುತ್ತಿದ್ದರು. ಮಂಚ, ಕನ್ನಡಿ, ಬೆಳ್ಳಿ ಚಮಚ, ಅದೇ ಪಟ್ಟಿಯಲ್ಲಿ ಗುಲಾಮರ ಹೆಸರು. ಕೊಚ್ಚಿಯಿಂದ ಎಷ್ಟೋ ಜನರನ್ನು ಹಡಗಿನಲ್ಲಿ ದಕ್ಷಿಣ ಆಫ್ರಿಕದ ಕೇಪಿಗೆ ಸಾಗಿಸಿದರು. ಅಲ್ಲಿ ಅವರಿಗೆ ಉಳಿದ ಗುರುತು "ವಾನ್ ಕೊಚ್ಚಿನ್", "ವಾನ್ ಮಲಬಾರ್" ಎಂಬುದಷ್ಟೇ. ಬಂಗಾಳದಿಂದ ಬಂದ ಆಂಜೆಲಾ ವಾನ್ ಬೆಂಗಾಲೆ ಎಂಬ ಗುಲಾಮ ಹೆಂಗಸು 1666ರಲ್ಲಿ ಬಿಡುಗಡೆಯಾಗಿ, 1669ರಲ್ಲಿ ಬಾಸನ್ ಎಂಬವನನ್ನು ಮದುವೆಯಾದಳು. ಇವತ್ತು ಅಲ್ಲಿಯ ಬಾಸನ್ ಮನೆತನದವರು ಅವಳನ್ನೇ ಮೂಲಮಾತೆ ಎನ್ನುತ್ತಾರೆ. ಸ್ವತಃ ಆಸ್ತಿಯಾಗಿದ್ದವಳ ಹೆಸರನ್ನು ಉಳಿಸಿದ್ದು ಆಸ್ತಿಯ ಕಾಗದ. ಇದನ್ನು ಓದಿದ ಮೇಲೆ ನಾನು ಕೇಳಿಕೊಂಡೆ: ಇಷ್ಟು ದಿನ ಮುತ್ತಜ್ಜನನ್ನು ಹುಡುಕುತ್ತಿದ್ದೇನೆ, ಮುತ್ತಜ್ಜಿಯ ಹೆಸರೇನು? ಅಮ್ಮನಿಗೂ ಗೊತ್ತಿರಲಿಲ್ಲ. ಸೋದರಮಾವಂದಿರಿಗೂ ಗೊತ್ತಿರಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಊರಿನಲ್ಲೇ. ಯಾವುದೇ ಪತ್ರದಲ್ಲಿ ಅದರ ಹಿಂದಿನ ಪತ್ರದ ನಂಬರು, ವರ್ಷ ಬರೆದಿರುತ್ತಾರೆ. ಇಲ್ಲಿ ಅದಕ್ಕೆ ಮುನ್ನಾಧಾರಂ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಿದರೆ ಲಿಂಕ್ಡ್ ಲಿಸ್ಟ್. ಒಂದು ಕೊಂಡಿ ಹಿಡಿದರೆ ಹಿಂದಿನದು ಸಿಗುತ್ತದೆ. 1962ರ ಪತ್ರ 1931ರ ವಿಭಾಗ ಪತ್ರವನ್ನು ತೋರಿಸಿತು, ಅದು 1908ರ ಅಡವು ಬಿಡಿಸಿಕೊಂಡ ಪತ್ರವನ್ನು, ಅದು 1889ರ ಅಡವು ಪತ್ರವನ್ನು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಆ ಹಳೆಯ ಪತ್ರದ ನಕಲು ಕೈಗೆ ಬಂತು. ಪೂರ್ತಿ ಕನ್ನಡದಲ್ಲಿತ್ತು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಲ್ಲವೇ? ಆದರೆ ಆ ಕೂಡಕ್ಷರ ನನಗೆ ಓದಲು ಬರಲಿಲ್ಲ. ಎಂಟೆಕ್ ಅಲ್ಲಿ ಕೆಲಸಕ್ಕೆ ಬಾರದು. ಅಮ್ಮ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಎರಡು ಸಂಜೆ ಕುಳಿತು ಓದಿದರು.

ಅಡವು ಬರೆದುಕೊಟ್ಟವಳು ಮುತ್ತಜ್ಜಿ. ಅಪ್ರಾಪ್ತ ವಯಸ್ಸಿನ ಮಗನ ಪರವಾಗಿ, ಅವನ ತಾಯಿ ಮತ್ತು ಪೋಷಕಿ ಎಂದು ಬರೆದಿದೆ. ಗಂಡ ತಿರುವನಂತಪುರದಲ್ಲಿ ದೇವಸ್ಥಾನದ ಕೆಲಸದಲ್ಲಿದ್ದಾಗ ಕಾಲವಾದದ್ದು, ಅವರ ಉತ್ತರಕ್ರಿಯೆಗೆ ತಂದ ಸಾಲ, ಮಗಳ ಮದುವೆಯ ಖರ್ಚು, ಮಗನ ಉಪನಯನ, ಸರಕಾರಕ್ಕೆ ಕಟ್ಟಬೇಕಾದ ತೀರ್ವೆ, ಎಲ್ಲ ಒಂದೊಂದಾಗಿ ಇದೆ. ತೋಟದ ಚಕ್ಕುಬಂದಿಯಲ್ಲಿ ಮೂಡಕ್ಕೆ ಹರಿಯುವ ತೋಡಿನ ಹೆಸರೂ ಇದೆ. ಕೊನೆಗೆ ಸಹಿ ಬಾರದ್ದಕ್ಕೆ ಕೈನಿಶಾನಿ. ತಿರುವನಂತಪುರದಲ್ಲಿ ಸಿಗದ ಮುತ್ತಜ್ಜನ ಮರಣದ ಸುದ್ದಿ ಹೆಂಡತಿಯ ಸಾಲದ ಪತ್ರದಲ್ಲಿ ಸಿಕ್ಕಿತು.

ಇಷ್ಟು ವಿವರ ಯಾಕೆ ಬರೆದರು? ವಕೀಲರನ್ನು ಕೇಳಿದೆ. ಗಂಡಸು ತಾನೇ ಗಳಿಸಿದ ಆಸ್ತಿ ಮಾರಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ವಿಧವೆ ಅಪ್ರಾಪ್ತ ಮಗನ ಪರವಾಗಿ ಆಸ್ತಿ ಅಡವಿಟ್ಟರೆ, ಅದು ಕುಟುಂಬದ ನಿಜವಾದ ಅಗತ್ಯಕ್ಕೆ ಎಂದು ಸಾಲ ಕೊಡುವವನು ವಿಚಾರಿಸಿ ತಿಳಿಯಬೇಕಿತ್ತು. 1856ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹನುಮಾನ್ ಪ್ರಸಾದ್ ಪಾಂಡೆ ಪ್ರಕರಣದಲ್ಲಿ ಕೊಟ್ಟ ತೀರ್ಪು ಅದು. ಆ ಪ್ರಕರಣದಲ್ಲೂ ಪತ್ರ ಬರೆದುಕೊಟ್ಟವಳು ಚಿಕ್ಕ ಮಗನ ತಾಯಿಯೇ. ಹೆಂಗಸನ್ನು ನಂಬದ ಕಾನೂನು ಅವಳಿಂದ ಕಾರಣ ಕೇಳಿತು. ಕಾರಣ ಹೇಳುತ್ತಾ ಹೇಳುತ್ತಾ ಅವಳ ಜೀವನ ಕಾಗದಕ್ಕೆ ಇಳಿಯಿತು. ಹಾಗಾಗಿ ಮನೆಯ ಹಿರಿಯರನ್ನು ಹುಡುಕುವವರು ವಿಧವೆಯರ ಪತ್ರಗಳನ್ನು ಮೊದಲು ಓದಿ ಎನ್ನುತ್ತೇನೆ.

ಅಳಿಯಸಂತಾನ, ಮರುಮಕ್ಕತ್ತಾಯದ ಮನೆಯವರಿಗೆ ಇದು ಇಷ್ಟು ಕಷ್ಟವಿಲ್ಲ. ಅಲ್ಲಿ ವಂಶವೇ ಹೆಂಗಸಿನಿಂದ ಎಣಿಕೆಯಾಗುವುದರಿಂದ ಅಜ್ಜಿಯರ ಹೆಸರು ಮೊದಲು ಬರುತ್ತದೆ. ಕೇರಳದಲ್ಲಿ 1975ರ ಕಾನೂನು ಆ ಕೂಡುಕುಟುಂಬಗಳನ್ನು ಮುಗಿಸಿತು. ಇನ್ನು ಇಲ್ಲಿಯ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ 1916ರ ತಿರುವಾಂಕೂರಿನ ಕಾನೂನಿನಲ್ಲಿ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಹೋರಾಡಿ 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಜಾತಿ ಧರ್ಮ ಬೇರೆ ಇರಬಹುದು, ಪ್ರಶ್ನೆ ಒಂದೇ: ಮನೆಯ ಕಾಗದದಲ್ಲಿ ಹೆಣ್ಣಿನ ಹೆಸರು ಎಲ್ಲಿ?

ಮುತ್ತಜ್ಜಿಯ ಹೆಸರೇನು ಎಂದು ನೀವು ಕೇಳಬಹುದು. ಪತ್ರ ಓದುತ್ತಾ ಅಮ್ಮ ಆ ಸಾಲಿಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಾದರು. ಅದು ಅಮ್ಮನದೇ ಹೆಸರು. ತಮ್ಮ ಅಜ್ಜಿಯ ಹೆಸರನ್ನು ಅಜ್ಜ ಮಗಳಿಗೆ ಇಟ್ಟಿದ್ದರು. ಯಾರ ಹೆಸರು ಎಂದು ಯಾರೂ ಅಮ್ಮನಿಗೆ ಹೇಳಿರಲಿಲ್ಲ. ಅಮ್ಮ ಇಲ್ಲೇ ಎದುರಿಗೆ ಕುಳಿತಿದ್ದಾರೆ. ಮೈಕಿನಲ್ಲಿ ಹೆಸರು ಹೇಳಬೇಡ ಎಂದು ಮೊದಲೇ ಎಚ್ಚರಿಸಿದ್ದಾರೆ, ಬೇಕಾದವರು ಊಟದ ಹೊತ್ತಿಗೆ ಕೇಳಿಕೊಳ್ಳಿ.

ಆ ವಾರವೇ ಅಮ್ಮ ತಮ್ಮಂದಿರಿಗೆ ಫೋನ್ ಮಾಡಿದರು. "ನಾನು ಬಿಟ್ಟುಕೊಡುವುದಿಲ್ಲ. ಹೆಚ್ಚು ಬೇಡ, ತೋಡಿನ ಬದಿಯ ಹತ್ತು ಸೆಂಟ್ಸ್ ಸಾಕು. ವಿಭಾಗ ಪತ್ರದಲ್ಲಿ ಆಸ್ತಿ ಬಂದ ಬಗೆ ಬರೆಯುವಾಗ ಅವಳ ಹೆಸರು ಇರಬೇಕು. ಅವಳು ಅಡವಿಡದಿದ್ದರೆ, ನಮ್ಮ ಅಜ್ಜ ಬಿಡಿಸಿಕೊಳ್ಳದಿದ್ದರೆ, ಹಂಚಲಿಕ್ಕೆ ತೋಟವೇ ಇರುತ್ತಿರಲಿಲ್ಲ." ದೊಡ್ಡ ಮಾವನಿಗೆ ಬೇಸರವಾಯಿತು. ಎರಡು ತಿಂಗಳು ಮಾತು ಕಡಿಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಇನ್ನೂ ಮೊದಲಿನಷ್ಟು ಆಗಿಲ್ಲ. ಆದರೆ ಪತ್ರ ಅಮ್ಮ ಹೇಳಿದ ಹಾಗೆಯೇ ನೋಂದಣಿಯಾಯಿತು.

ಇನ್ನು ನಿಮಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು. ಒಂದು, ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿಯ ಪತ್ರಗಳು 1ನೇ ಪುಸ್ತಕದಲ್ಲಿ, ಉಯಿಲುಗಳು 3ನೇ ಪುಸ್ತಕದಲ್ಲಿ ಇರುತ್ತವೆ. 1ನೆಯದರ ನಕಲನ್ನು ಶುಲ್ಕ ಕಟ್ಟಿ ಯಾರೂ ಕೇಳಬಹುದು. ಉಯಿಲಿನ ನಕಲು ಬರೆದವರು ಬದುಕಿರುವ ತನಕ ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ, ತೀರಿಕೊಂಡ ಮೇಲೆ ಯಾರಿಗೂ ಸಿಗುತ್ತದೆ. ಎರಡು, ಹಿರಿಯರು ಬ್ರಿಟಿಷರ ಕೈಕೆಳಗೆ ಕೆಲಸ ಮಾಡಿದ್ದರೆ ಆ ಕಾಲದ ಮದ್ರಾಸ್ ಪ್ರಾಂತ್ಯದ ಉಯಿಲು, ಆಸ್ತಿಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಯಜಮಾನನ ಉಯಿಲಿನಲ್ಲಿ ಕೆಲಸದವರ ಹೆಸರೂ ಇರಬಹುದು. ಮೂರು, ಡಚ್ ಕಂಪೆನಿಯ ಸುಮಾರು 50 ಲಕ್ಷ ಪುಟಗಳ ಕೈಬರಹವನ್ನು ನೆದರ್‌ಲೆಂಡ್ಸಿನವರು ಕಂಪ್ಯೂಟರಿನಿಂದ ಓದಿಸಿದ್ದಾರೆ. ನಮ್ಮ ಮನೆಯ ಕನ್ನಡ ಪತ್ರ ಓದಲು ಇವತ್ತಿಗೂ ಅಮ್ಮನೇ ಬೇಕು. ಆದ್ದರಿಂದ ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಕಳಿಸಿ. ಹಿರಿಯರು ಇರುವಾಗಲೇ ಪೆಟ್ಟಿಗೆಯ ಪತ್ರಗಳನ್ನು ಓದಿಸಿ, ಮೊಬೈಲಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ.

ನಾಲ್ಕನೆಯದು, ಯಾರಾದರೂ "ಇಲ್ಲಿ ಒಂದು ಸೈನು ಹಾಕು" ಎಂದರೆ, ಪೂರ್ತಿ ಓದಿ ಆಮೇಲೆ ಹಾಕಿ. ಬಿಟ್ಟುಕೊಡುವುದು, ಉಳಿಸಿಕೊಳ್ಳುವುದು ನಿಮ್ಮ ಇಷ್ಟ. ನಿಮ್ಮ ಹೆಸರು ಮಾತ್ರ ಆ ಕಾಗದದಲ್ಲಿ ಸ್ಪಷ್ಟವಾಗಿ ಇರಲಿ.

ಊಟಕ್ಕೆ ಹೊತ್ತಾಯಿತು, ಪಾಯಸ ಆರುವ ಮೊದಲು ಹೊರಡೋಣ.