ಗೋಡೆಗೇರಿದ ಕಡಲು

ಕಿಟಕಿಯ ಬಳಿ ಹುಡುಗಿಯೊಬ್ಬಳು ಲೋಟ ಹಿಡಿದು ನಗುತ್ತ ಕುಳಿತಿದ್ದಾಳೆ. ಅವಳೆದುರಿಗೆ, ನಮ್ಮ ಕಡೆಗೆ ಬೆನ್ನುಮಾಡಿ, ಅಗಲವಾದ ಟೊಪ್ಪಿಗೆಯ ಸೇನಾಧಿಕಾರಿ. ಹಿಂದಿನ ಗೋಡೆಯ ಮೇಲೊಂದು ದೊಡ್ಡ ಭೂಪಟ. ಹಾಲೆಂಡಿನ ವರ್ಮೀರ್ 1657ರ ಸುಮಾರಿಗೆ ಬರೆದ ಈ ಚಿತ್ರ ಇಂದು ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ. ಇದರ ಪಡಿಯಚ್ಚು ಎಲ್ಲಿಯಾದರೂ ಕಣ್ಣಿಗೆ ಬಿದ್ದರೆ, ಆ ಹುಡುಗಿಯ ನಗುವಿನಿಂದ ಒಂದು ಗಳಿಗೆ ದೃಷ್ಟಿ ಸರಿಸಿ ಭೂಪಟವನ್ನು ನೋಡಿ. ನೆಲ ನೀಲಿ, ನೀರು ಕಂದು! ಮೇಲಕ್ಕಿರುವುದು ಉತ್ತರವಲ್ಲ, ಪಶ್ಚಿಮ. ಚಿತ್ರಕಾರನ ಕಲ್ಪನೆಯೆಂದುಕೊಂಡೀರಿ, ಅಲ್ಲ. ಬೆರ್ಕೆನ್‌ರೋಡೆ ಎಂಬಾತ 1620ರಲ್ಲಿ ರಚಿಸಿ, ಆಮ್‌ಸ್ಟರ್‌ಡಾಮಿನ ವಿಲೆಮ್ ಬ್ಲಾವ್ ಪ್ರಕಟಿಸಿದ ನಿಜವಾದ ಭೂಪಟವೇ ಅದು. ನೀಲಿ ಉಡುಪಿನ ಹೆಂಗಸೊಬ್ಬಳು ಕಾಗದ ಓದುತ್ತಿರುವ ಚಿತ್ರದಲ್ಲಿಯೂ ವರ್ಮೀರ್ ಇದನ್ನೇ ತೂಗಹಾಕಿದ್ದಾನೆ. ಅಲ್ಲಿ ಬಣ್ಣ ಮಾತ್ರ ಬೇರೆ.

ಹಾಯಿಹಡಗಿನ ಕಾಲದ ಭೂಪಟವೆಂದರೆ ನಾವಿಕನ ಉಪಕರಣವೆಂದೇ ನಮ್ಮ ಎಣಿಕೆ. ಇಂಥ ಭೂಪಟಗಳಾದರೋ ಮನೆಯಲ್ಲಿ ಕುಳಿತವರಿಗಾಗಿ ಹುಟ್ಟಿದವು. ಹಡಗಿನಲ್ಲಿ ಹಣ ತೊಡಗಿಸಿ, ಮೆಣಸು ಬಂದೀತೇ ಎಂದು ದಾರಿ ಕಾಯುತ್ತಿದ್ದ ವರ್ತಕನಿಗೆ ತನ್ನ ಹಣ ಯಾವ ಕಡಲಿನಲ್ಲಿದೆಯೆಂದು ನೋಡುವ ಆಸೆ ಇರದೆ ಇದ್ದೀತೆ?

ತಯಾರಿಸುವ ಕೆಲಸ ಸುಲಭದ್ದಲ್ಲ. ತಾಮ್ರದ ತಗಡಿನ ಮೇಲೆ ಎಲ್ಲವನ್ನೂ, ಅಕ್ಷರಗಳನ್ನು ಕೂಡ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಉಳಿಯಿಂದ ಕೊರೆಯಬೇಕು. ಗೀರುಗಳಲ್ಲಿ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಮಾಡಿದ ಕಾಗದವನ್ನಿಟ್ಟು ಉರುಳೆಗಳ ನಡುವೆ ಒತ್ತಬೇಕು. ಅಚ್ಚಾಗಿ ಬಂದದ್ದು ಬರಿಯ ಕಪ್ಪುಬಿಳುಪು. ಬಣ್ಣವೆಲ್ಲ ಕುಂಚ ಹಿಡಿದು, ಹಾಳೆ ಹಾಳೆಗೂ ಕೈಯಿಂದಲೇ ಹಚ್ಚಿದ್ದು. ವಿಲೆಮನ ಮಗ ಯೋಆನ್ ಬ್ಲಾವ್ 1662ರಲ್ಲಿ ಹನ್ನೊಂದು ಸಂಪುಟಗಳ ಲ್ಯಾಟಿನ್ ಮಹಾ ಅಟ್ಲಾಸನ್ನು ಹೊರತಂದ. ಸುಮಾರು ಆರುನೂರು ಭೂಪಟಗಳು, ಶ್ರೀಮಂತರ ಸೊತ್ತು.

ಇವುಗಳ ಅಂದವೆಲ್ಲ ಬಹುಮಟ್ಟಿಗೆ ಅಂಚಿನಲ್ಲಿಯೂ ಖಾಲಿ ಜಾಗದಲ್ಲಿಯೂ ಇದೆ. ಹೆಸರಿನ ಚೌಕಟ್ಟಿನ ಸುತ್ತ ರೆಕ್ಕೆಯ ಮಕ್ಕಳು, ಹಣ್ಣಿನ ಗೊಂಚಲು. ಕಡಲಿನಲ್ಲಿ ಹಾಯಿ ಉಬ್ಬಿದ ಹಡಗು, ದಿಕ್ಕು ತೋರುವ ಎಸಳೆಸಳಿನ ಹೂವು. ಗೊತ್ತಿಲ್ಲದ ಒಳನಾಡಿನಲ್ಲಿ ಆನೆ, ಸಿಂಹ. ಅಜ್ಞಾನಕ್ಕೆ ಇಷ್ಟು ಚೆಲುವಾದ ಹೊದಿಕೆ ಇನ್ನೊಂದಿಲ್ಲ!

ಹೊದಿಕೆಯ ಕೆಳಗೆ ಬಚ್ಚಿಟ್ಟದ್ದೂ ಉಂಟು. ಯೋಆನ್ ಬ್ಲಾವ್ 1638ರಿಂದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕೃತ ಭೂಪಟಕಾರನೂ ಆಗಿದ್ದ. ಕಂಪನಿಯ ನಾವಿಕರಿಗೆ ಕೊಡುತ್ತಿದ್ದ ಪಟಗಳೇ ಬೇರೆ: ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದವು, ಹೊರಗಿನವರಿಗೆ ತೋರಬಾರದವು, ಪಯಣ ಮುಗಿದ ಮೇಲೆ ಹಿಂದಿರುಗಿಸಬೇಕಾದವು. ಒಂದೇ ಮನುಷ್ಯನ ಒಂದು ಕೈ ಊರಿಗೆಲ್ಲ ಜಗತ್ತನ್ನು ತೋರಿಸುತ್ತಿತ್ತು, ಇನ್ನೊಂದು ಕೈ ಅದನ್ನು ಮುಚ್ಚಿಡುತ್ತಿತ್ತು.

ತಗಡು ದುಬಾರಿಯಾದ್ದರಿಂದ ಹಳೆಯ ಸುದ್ದಿಯೂ ಬೇಗ ಅಳಿಯುತ್ತಿರಲಿಲ್ಲ. ನಮ್ಮ ವಿಜಯನಗರ 1565ರಲ್ಲಿ ಹಾಳಾಯಿತಷ್ಟೆ. ಮುಂದಿನ ಶತಮಾನದ ಯುರೋಪಿನ ಎಷ್ಟೋ ಭೂಪಟಗಳಲ್ಲಿ ಅದು ‘ಬಿಸ್ನಗರ್’ ಎಂಬ ಹೆಸರಿನಿಂದ ಇನ್ನೂ ನಿಂತಿದೆ. ಹಂಪೆಯ ಕಲ್ಲುಗಳ ನಡುವೆ ಅಲೆದು ಬಂದವರಿಗೆ ಆ ಪುಟ್ಟ ಅಕ್ಷರಗಳನ್ನು ಕಂಡರೆ ಏನನ್ನಿಸೀತೋ!

ಬ್ಲಾವ್ ಮನೆತನದ ಮುದ್ರಣಾಲಯ 1672ರ ಫೆಬ್ರುವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಯೋಆನ್ ತೀರಿಕೊಂಡ. ಬಟ್ಟೆಗೆ ಅಂಟಿಸಿ ಗೋಡೆಗೆ ಹಾಕಿದ್ದವು ಹೊಗೆ, ಬಿಸಿಲು, ತೇವಗಳಿಗೆ ಸಿಕ್ಕಿ ಬಹುತೇಕ ಹರಿದುಹೋದವು. ಅಟ್ಲಾಸಿನ ರಟ್ಟಿನೊಳಗೆ ಮಡಿಸಿಕೊಂಡಿದ್ದವು ಉಳಿದವು. ಅವಕ್ಕೂ ಈಗ ಅಪಾಯ ಬಂದಿದೆ. ಇಡಿಯ ಪುಸ್ತಕಕ್ಕಿಂತ ಬಿಡಿ ಹಾಳೆಗಳಿಗೆ ಗಿರಾಕಿಗಳು ಬೇಗ ಸಿಕ್ಕುವುದರಿಂದ, ಹೊಲಿಗೆ ಬಿಚ್ಚಿ ಒಂದೊಂದಕ್ಕೂ ಚೌಕಟ್ಟು ಹಾಕಿ ಮಾರುವ ವ್ಯಾಪಾರಿಗಳಿದ್ದಾರೆ. ಕಪ್ಪುಬಿಳುಪಿನ ಹಾಳೆಗೆ ಇತ್ತೀಚೆಗೆ ಬಣ್ಣ ಬಳಿದವರನ್ನು ನಾನು ಕ್ಷಮಿಸಿಯೇನು. ಮುನ್ನೂರು ವರ್ಷ ಒಟ್ಟಿಗಿದ್ದ ಪುಸ್ತಕವನ್ನು ಸಿಗಿದವರನ್ನು ಮಾತ್ರ ಒಲ್ಲೆ.

ಯಾರದಾದರೂ ಮನೆಯಲ್ಲಿ ಇಂಥದೊಂದು ಕಂಡರೆ ಬೆರಗಾಗುವ ಮೊದಲು ಸ್ವಲ್ಪ ಹತ್ತಿರ ಹೋಗಿ. ಚಿತ್ರದ ಅಂಚಿನ ಹೊರಗೆ ನಾಲ್ಕೂ ಕಡೆ ತಗಡು ಒತ್ತಿದ ತಗ್ಗುಗೆರೆ ಇದೆಯೇ? ಬೆಳಕಿಗೆ ಹಿಡಿದರೆ ಕೈಕಾಗದದ ಜಾಲರಿಯ ಗೆರೆಗಳು ಕಾಣುತ್ತವೆಯೇ? ಆಮೇಲೆ ಹಾಳೆಯನ್ನು ಮೆಲ್ಲಗೆ ತಿರುವಿ. ಹಳೆಯ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ್ದು. ಅದು ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ. ಮುಂದೆ ಹಸಿರು ಕಾಡಿದ್ದ ಕಡೆಯೆಲ್ಲ ಹಿಂದೆ ಕಂದು ಕಲೆ ಮೂಡಿದ್ದರೆ, ಆ ಬಣ್ಣ ನಿನ್ನೆ ಮೊನ್ನೆ ಹಚ್ಚಿದ್ದಿರಲಾರದು.